ಎಚ್‌ಆರ್ ಕರೆದು 'ರಾಜೀನಾಮೆ ಕೊಡಿ' ಎಂದರೆ

ಮೊನ್ನೆ ಮೀಟಿಂಗ್‌ನಲ್ಲಿ 'ನಾವೆಲ್ಲ ಒಂದೇ ಕುಟುಂಬ' ಎಂದಿದ್ದ ದೊಡ್ಡ ಬಾಸ್ ಇವತ್ತು ಕ್ಯಾಮೆರಾ ಆಫ್ ಮಾಡಿಕೊಂಡು ಕೂತಿರುತ್ತಾರೆ, ಮಾತಾಡುವುದು ಎಚ್‌ಆರ್ ಮಾತ್ರ. ಸಿಟ್ಟು ಬಂದೇ ಬರುತ್ತದೆ. ಆದರೆ ಅಲ್ಲೇ ಜಗಳ ಬೇಡ, ರಾಜೀನಾಮೆಗೆ ಸಹಿಯಂತೂ ಬೇಡವೇ ಬೇಡ.

'ಮೇಲ್ ಮಾಡಿ, ಓದಿ ಹೇಳ್ತೀನಿ' ಅನ್ನಿ, ಸಾಕು. ಹತ್ತೇ ನಿಮಿಷ ಟೈಮ್, ರಿಲೀವಿಂಗ್ ಲೆಟರ್ ಸಿಗಲ್ಲ ಅಂತೆಲ್ಲ ಹೆದರಿಸಬಹುದು. ಆದರೆ ನೀವಾಗಿಯೇ ಬಿಟ್ಟಿರಿ ಎಂದು ದಾಖಲಾದರೆ ಆಮೇಲೆ 'ನನ್ನನ್ನು ತೆಗೆದರು' ಎಂದು ಸಾಬೀತು ಮಾಡುವುದು ತುಂಬಾ ಕಷ್ಟ, ಅವರಿಗೆ ಬೇಕಿರುವುದೂ ಅದೇ ಅಲ್ವಾ?

ಆಫರ್ ಲೆಟರ್, ಪೇ ಸ್ಲಿಪ್‌ಗಳನ್ನು ಮೊದಲೇ ಮನೆಯಲ್ಲಿ ಇಟ್ಟುಕೊಂಡಿರಿ. ಲ್ಯಾಪ್‌ಟಾಪ್ ಲಾಕ್ ಆಗಲು ಒಂದು ನಿಮಿಷ ಸಾಕು. (ಕಂಪನಿಯ ಕೋಡ್ ಮಾತ್ರ ಮುಟ್ಟಬೇಡಿ, ಸುಮ್ನೆ ಕೇಸಿಗೆ ನೆಪ.)

5 ವರ್ಷ ತುಂಬಿದ್ದರೆ ಗ್ರಾಚ್ಯುಟಿ (ಸೇವೆಯ ವರ್ಷಗಳಿಗೆ ತಕ್ಕಂತೆ ಕಂಪನಿ ಕೊಡಬೇಕಾದ ಹಣ) ನಿಮ್ಮ ಹಕ್ಕು. ಅದರ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳ 52,000 ರೂಪಾಯಿ ಇದ್ದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ: ಕೆಲಸ ಮಾಡಿದ ಒಂದೊಂದು ವರ್ಷಕ್ಕೂ 30,000. ಇದನ್ನೇ 'ಪರಿಹಾರ' ಎಂದು ದೊಡ್ಡದಾಗಿ ತೋರಿಸಿದರೆ ನಂಬಬೇಡಿ.

ಬೆಂಗಳೂರಲ್ಲಿದ್ದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ದೂರು ಕೊಡಬಹುದು. ಐಟಿಯವರಿಗೆ ಕಿಟು ಎಂಬ ಸಂಘವೂ ಇದೆ.

ಕಂಪನಿ ಮಾಡಿಸಿದ ಗ್ರೂಪ್ ಇನ್ಶೂರೆನ್ಸ್ (ಆರೋಗ್ಯ ವಿಮೆ) ಯಾವತ್ತು ಮುಗಿಯುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಅಪ್ಪ ಅಮ್ಮನ ಹೆಸರು ಅದರಲ್ಲಿದ್ದರೆ ಇವತ್ತೇ ಕೇಳಿ.