ಸಿಡಿ ಹಾಕಿದರೆ ಹಾಡಿನ ಹೆಸರು ಬರ್ತಿಲ್ವಾ? ಹೀಗೆ ಮಾಡಿ

ಮಾಮೂಲಿ ಆಡಿಯೊ ಸಿಡಿಯಲ್ಲಿ ಹಾಡಿನ ಹೆಸರೇ ಇರುವುದಿಲ್ಲ (ಸಿಡಿ-ಟೆಕ್ಸ್ಟ್, ಅಂದರೆ ಸಿಡಿಯಲ್ಲೇ ಬರೆದ ಹೆಸರುಗಳು, ಇರುವ ಕೆಲವು ಬಿಟ್ಟು). ಕಂಪ್ಯೂಟರಿನ ಪ್ಲೇಯರ್ ಸಾಫ್ಟ್‌ವೇರ್ ನೋಡುವುದು ಪ್ರತಿ ಹಾಡು ಎಲ್ಲಿ ಶುರುವಾಗುತ್ತದೆ ಅನ್ನುವ ಪಟ್ಟಿಯನ್ನು ಮಾತ್ರ, ಅದೂ ಸೆಕೆಂಡಿಗೆ 75 ಫ್ರೇಮ್ (ಸೆಕೆಂಡಿನ ಸಣ್ಣ ತುಂಡು) ಲೆಕ್ಕದಲ್ಲಿ. ಅದರಿಂದ ಸಿಡಿಡಿಬಿ (ಸಿಡಿಗಳ ಹೆಸರಿನ ಡೇಟಾಬೇಸ್) ಪದ್ಧತಿಯಲ್ಲಿ 8 ಅಕ್ಷರದ ಐಡಿ ಹುಟ್ಟುತ್ತದೆ, ಆ ಐಡಿ ಹಿಡಿದು ಇಂಟರ್ನೆಟ್ ಸರ್ವರ್‌ನಲ್ಲಿ ಹೆಸರು ಹುಡುಕುತ್ತದೆ. ಐಡಿಯ ಕೊನೆಯ ಎರಡು ಅಕ್ಷರ ಸಿಡಿಯಲ್ಲಿ ಎಷ್ಟು ಹಾಡಿದೆ ಅನ್ನುವ ಸಂಖ್ಯೆ, ಆದರೆ ಹೆಕ್ಸ್‌ನಲ್ಲಿ (16ರ ಎಣಿಕೆ, 9 ಆದ ಮೇಲೆ ಎ, ಬಿ...): 10 ಹಾಡಿದ್ದರೆ '0ಎ'. ಐಡಿ ಇಷ್ಟು ಚಿಕ್ಕದಾದ್ದರಿಂದ ಎರಡು ಬೇರೆ ಸಿಡಿಗೆ ಒಂದೇ ಐಡಿ ಬರುವುದುಂಟು. ನನ್ನ ಭಾವಗೀತೆ ಸಿಡಿಗೆ ಯಾವುದೋ ಜರ್ಮನ್ ಬ್ಯಾಂಡಿನ ಹೆಸರು ಬಂದಿತ್ತು!

ಮೊದಲು ಪ್ಲೇಯರ್‌ನ ಸೆಟ್ಟಿಂಗ್ಸ್‌ನಲ್ಲಿ ಹೆಸರು ಹುಡುಕುವ ಸರ್ವರ್ ಯಾವುದು ನೋಡಿ. ಫ್ರೀಡಿಬಿ ಅಂತಿದ್ದರೆ ಅದು 2020ರಲ್ಲೇ ಮುಚ್ಚಿದೆ, ಸುಮ್ನೆ ಕಾಯಬೇಡಿ, ಮ್ಯೂಸಿಕ್‌ಬ್ರೈನ್ಜ್ ಅನ್ನುವ ಇನ್ನೊಂದು ಡೇಟಾಬೇಸ್ ಆರಿಸಿ. ಅಲ್ಲೂ ಸಿಗದಿದ್ದರೆ (ಹಳೆ ಕನ್ನಡ ಸಿಡಿಗಳ ಪಾಡು ಬಹಳ ಸಲ ಇದೇ) ಕವರ್ ನೋಡಿ ನೀವೇ ಟೈಪ್ ಮಾಡಿ.

ಟೈಪ್ ಮಾಡಿದ್ದು ಎಲ್ಲಿ ಉಳಿಯುತ್ತದೆ? ಸಿಡಿಯಲ್ಲಂತೂ ಅಲ್ಲ. ಲಿನಕ್ಸ್‌ನ ಎಷ್ಟೋ ಪ್ಲೇಯರ್‌ಗಳು ಹೋಮ್ ಫೋಲ್ಡರ್‌ನಲ್ಲಿ ಅಡಗಿರುವ '.ಸಿಡಿಡಿಬಿ' ಫೋಲ್ಡರ್‌ನಲ್ಲಿ ಇಡುತ್ತವೆ, ಸಾದಾ ಟೆಕ್ಸ್ಟ್ ಫೈಲ್, ತೆರೆದು ತಿದ್ದಬಹುದು. ಒಂದು ಮಾತು: ಅದರಲ್ಲಿ ಹಾಡುಗಳ ಎಣಿಕೆ 0ಯಿಂದ ಶುರು. ಕನ್ನಡ ಲಿಪಿ ಬಳಸಿದರೆ ಯುಟಿಎಫ್-8 (ಎಲ್ಲ ಲಿಪಿಗೂ ಆಗುವ ಅಕ್ಷರ ಸಂಕೇತ) ನಲ್ಲೇ ಸೇವ್ ಮಾಡಿ, ಇಲ್ಲಾಂದ್ರೆ ಬರೀ ಪ್ರಶ್ನೆ ಚಿಹ್ನೆ ಕಾಣಬಹುದು.