ಎತ್ತಿನ ಜೋಡಿಯಂತೆ ನಾಣ್ಯದ ಸೆಟ್ಟು: ಮೊದಲು ಕಣ್ಣು, ಆಮೇಲೆ ಗ್ರೇಡು

ಹೋದ ದೀಪಾವಳಿಗೆ ಕಲಬುರಗಿಯ ಗೆಳೆಯರೊಬ್ಬರು ತಮ್ಮ ಚಾರ್‌ಮಿನಾರ್ ಸೆಟ್ಟು ನೋಡಲು ಕರೆದಿದ್ದರು. ಚಾರ್‌ಮಿನಾರ್ ಚಿತ್ರವಿರುವ, ನಿಜಾಮನ ಕಾಲದ ನಾಲ್ಕು ಬೆಳ್ಳಿ ನಾಣ್ಯ: ರೂಪಾಯಿ, ಎಂಟಾಣೆ, ನಾಲ್ಕಾಣೆ, ಎರಡಾಣೆ. ನಾಲ್ಕಕ್ಕೂ ಒಳ್ಳೆಯ ಗ್ರೇಡು, ಅಂದರೆ ನಾಣ್ಯದ ಸ್ಥಿತಿಗೆ ಕೊಡುವ ಅಂಕ. ಆದರೆ ಮಖಮಲ್ಲಿನ ಮೇಲೆ ಸಾಲಾಗಿ ಇಟ್ಟಾಗ ಏನೋ ಸರಿ ಬರಲಿಲ್ಲ. ರೂಪಾಯಿ ಕರ್ರಗೆ. ಎಂಟಾಣೆ ಸ್ಟೀಲ್ ಚಮಚದಂತೆ ಬೆಳ್ಳಗೆ. ನಾಲ್ಕಾಣೆಯ ಅರ್ಧ ಮುಖ ಕಂದು. ಎರಡಾಣೆ ಬೂದು. "ಗ್ರೇಡ್ ನೋಡ್ರಿ ಸರ, ಗ್ರೇಡ್" ಎಂದರು. ನೋಡಿದೆ. ಚೆನ್ನಾಗಿತ್ತು. ಸೆಟ್ಟು ಮಾತ್ರ ಆಗಿರಲಿಲ್ಲ.

ನಮ್ಮ ಕಡೆ ರೈತರು ಸಂತೆಯಲ್ಲಿ ಎತ್ತು ಕೊಳ್ಳುವುದನ್ನು ನೋಡಿದ್ದೀರಲ್ಲ? ಒಂಟಿ ಎತ್ತು ಎಷ್ಟೇ ಚೆನ್ನಾಗಿರಲಿ, ಮನೆಯಲ್ಲಿರುವ ಎತ್ತಿಗೆ ಜೋಡಿ ಆಗುತ್ತದೋ ಇಲ್ಲವೋ ಎಂದು ಎತ್ತರ, ಕೊಂಬು, ಬಣ್ಣ, ನಡಿಗೆ ಎಲ್ಲ ನೋಡುತ್ತಾರೆ. ನಾಣ್ಯದ ಸೆಟ್ಟಿಗೂ ಅದೇ ಲೆಕ್ಕ.

ಗ್ರೇಡು ಏನು ಹೇಳುತ್ತದೆ?

ಈಗ ಎಲ್ಲರೂ ಬಳಸುವ 1ರಿಂದ 70ರ ಅಳತೆಯನ್ನು ವಿಲಿಯಂ ಶೆಲ್ಡನ್ ಎಂಬ ಅಮೆರಿಕನ್ 1949ರಲ್ಲಿ ತನ್ನ ದೇಶದ ಹಳೆಯ ತಾಮ್ರದ ನಾಣ್ಯಗಳಿಗಾಗಿ ಮಾಡಿದ. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯಕ್ಕೆ 58ರವರೆಗೆ. ಚಲಾವಣೆಗೇ ಹೋಗದ ನಾಣ್ಯಕ್ಕೆ 60ರಿಂದ 70. ಹಾಗಂತ 61 ಇರುವುದು 58ಕ್ಕಿಂತ ಚೆಂದ ಎಂದು ತಿಳಿಯಬೇಡಿ. ಟಂಕಸಾಲೆಯ ಚೀಲದಲ್ಲಿ ಒಂದಕ್ಕೊಂದು ಬಡಿದು ಮುಖದ ತುಂಬ ಗೀರು ಬಿದ್ದ ನಾಣ್ಯಕ್ಕೂ 61 ಸಿಗುತ್ತದೆ, ಯಾಕೆಂದರೆ ಅದು ಸವೆದಿಲ್ಲ. ಒಂದೆರಡು ಕಡೆ ಮಾತ್ರ ತುಸು ಉಜ್ಜಿದಂತಾಗಿ, ಉಳಿದ ಮುಖ ಸ್ವಚ್ಛವಾಗಿರುವ ನಾಣ್ಯಕ್ಕೆ 58. ನನ್ನ ಸೆಟ್ಟಿಗೆ ನಾನು ಯಾವತ್ತೂ 58 ಆರಿಸುತ್ತೇನೆ. ದುಡ್ಡೂ ಉಳಿಯುತ್ತದೆ.

ಯಾವ ಸೆಟ್ಟು?

ನಮ್ಮಲ್ಲಿ ಹಿರಿಯರು ನಿಜಾಮನ ನಾಣ್ಯಕ್ಕೆ ಹಾಲಿ ಎನ್ನುತ್ತಾರೆ, ಬ್ರಿಟಿಷರದಕ್ಕೆ ಕಲ್ದಾರ್. 1948ರವರೆಗೆ ಕಲಬುರಗಿ, ಬೀದರ್ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಹಾಗಾಗಿ ಹಳೆಯ ಟ್ರಂಕುಗಳಲ್ಲಿ ಎರಡೂ ಸಿಗುತ್ತವೆ. ಎರಡನ್ನೂ ಬೆರೆಸಬೇಡಿ. ಚಾರ್‌ಮಿನಾರ್ ನಾಣ್ಯದಲ್ಲೂ ಎರಡು ಬಗೆ ಇವೆ. ಚಿತ್ರದ ನಡುವಿನ ಬಾಗಿಲಲ್ಲಿ ಉರ್ದುವಿನ ಮೀಮ್ (م) ಅಕ್ಷರ ಇದ್ದರೆ ನಿಜಾಮ ಮಹಬೂಬ್ ಅಲಿ ಖಾನ್‌ನದು, ಐನ್ (ع) ಇದ್ದರೆ ಮಗ ಉಸ್ಮಾನ್ ಅಲಿ ಖಾನ್‌ನದು. ಒಂದು ಸೆಟ್ಟಿಗೆ ಒಂದೇ ಅಕ್ಷರ. ಇಷ್ಟು ಸಾಕು, ಮುಂದೆ ಹೋಗೋಣ.

ಎರಡಾಣೆಯಿಂದ ಶುರು ಮಾಡಿ

ಎಲ್ಲರೂ ರೂಪಾಯಿಯಿಂದ ಶುರು ಮಾಡುತ್ತಾರೆ. ದೊಡ್ಡದು, ಚೆಂದ, ಬೇಗ ಸಿಗುತ್ತದೆ. ತಪ್ಪಾಗುವುದೇ ಅಲ್ಲಿ. ಹೊಳೆಯುವ ರೂಪಾಯಿಯೊಂದನ್ನು ಕೊಂಡಿರಿ ಅಂದುಕೊಳ್ಳಿ. ಉಳಿದ ಮೂರೂ ಅಷ್ಟೇ ಚೆನ್ನಾಗಿರಬೇಕು ಎಂಬ ಹಟ ಬರುತ್ತದೆ. ರೂಪಾಯಿಯನ್ನು ಜನ ಕೂಡಿಟ್ಟರು, ಚಿಲ್ಲರೆಯನ್ನು ದಿನಾ ಖರ್ಚು ಮಾಡಿದರು. ಹಾಗಾಗಿ ಸಣ್ಣ ನಾಣ್ಯಗಳೇ ಜಾಸ್ತಿ ಸವೆದಿರುತ್ತವೆ. ಮೊದಲು ನಿಮ್ಮ ಕೈಗೆಟುಕುವ ಒಳ್ಳೆಯ ಎರಡಾಣೆ ಹುಡುಕಿ. ಅದರ ಸವೆತ, ಅದರ ಬಣ್ಣಕ್ಕೆ ಉಳಿದ ಮೂರನ್ನು ಹೊಂದಿಸಿ. ರೂಪಾಯಿ ಕೊನೆಗೆ.

ಮುಖ ಓದುವುದು

ಜನ ಎಡವುವುದು ಇಲ್ಲೇ. ಕಣ್ಣಿಗೆ ಚೆಂದ ಎಂದರೆ ಹೊಳಪು ಎಂದು ತಿಳಿಯುತ್ತಾರೆ. ನಮ್ಮ ಮನೆಗಳಲ್ಲಿ ದೇವರ ಜಗಲಿಯ ಬೆಳ್ಳಿ ರೂಪಾಯಿಯನ್ನು ಪ್ರತಿ ಹಬ್ಬಕ್ಕೂ ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕುವುದು ರೂಢಿ. ಪೂಜೆಗೆ ಅದು ಸರಿ. ಸಂಗ್ರಹಕ್ಕೆ ಆ ನಾಣ್ಯ ಮುಗಿಯಿತು. ಹಲ್ಲಿನ ಪುಡಿ, ಟೂತ್‌ಪೇಸ್ಟ್ ಇನ್ನೂ ಕೆಟ್ಟವು. ಬೆಳ್ಳಿ ಫಳಫಳ ಮಾಡುವ ಬಾಟಲಿ ದ್ರಾವಣ ಕೊಳ್ಳಲೇಬೇಡಿ. ಅದರಲ್ಲಿ ಅದ್ದಿದರೆ ಮೇಲಿನ ಪದರ ಕರಗುತ್ತದೆ, ನಾಣ್ಯ ಸುಣ್ಣ ಬಳಿದ ಗೋಡೆಯಂತೆ ಸಪ್ಪೆಯಾಗುತ್ತದೆ.

ನೋಡುವ ಬಗೆ ಹೀಗೆ. ಕೋಣೆಯ ಟ್ಯೂಬ್‌ಲೈಟ್ ನಂದಿಸಿ. ಅದರ ಬೆಳಕು ಎಲ್ಲ ಕಡೆ ಚೆಲ್ಲಿ ತಪ್ಪುಗಳನ್ನು ಮುಚ್ಚುತ್ತದೆ. ಒಂದೇ ಒಂದು ಟೇಬಲ್ ದೀಪ ಹಚ್ಚಿ. ನಾಣ್ಯದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ದೀಪದ ಕೆಳಗೆ ನಿಧಾನಕ್ಕೆ ವಾಲಿಸಿ. ಟಂಕಿಸಿದಾಗ ಬಂದ ಮೂಲ ಕಳೆ ಉಳಿದಿದ್ದರೆ ಬೆಳಕಿನ ಪಟ್ಟೆಯೊಂದು ಬಂಡಿ ಗಾಲಿ ತಿರುಗಿದಂತೆ ಮುಖದ ಮೇಲೆ ಸುತ್ತುತ್ತದೆ. ತಿಕ್ಕಿದ ನಾಣ್ಯದಲ್ಲಿ ಪಟ್ಟೆ ಓಡುವುದಿಲ್ಲ, ಇಡೀ ಮುಖ ಒಮ್ಮೆಲೇ ಮಿನುಗಿ ಒಮ್ಮೆಲೇ ಆರುತ್ತದೆ. ಸರಾಫ ಅಂಗಡಿಯವರು ಬಳಸುವ 10 ಪಟ್ಟಿನ ಮಸೂರ ಹಿಡಿದರೆ ಕೂದಲಿನಷ್ಟು ಸಣ್ಣ ಗೆರೆಗಳು ಒಂದೇ ದಿಕ್ಕಿಗೆ, ಇಲ್ಲವೇ ಸುತ್ತುಸುತ್ತಾಗಿ ಕಾಣುತ್ತವೆ. ಅಕ್ಷರಗಳ ಸಂದಿಯಲ್ಲಿ ಕಪ್ಪು, ಮುಖದ ಖಾಲಿ ಬಯಲಲ್ಲಿ ಬಿಳಿ ಇದ್ದರೂ ಅನುಮಾನ ಪಡಿ. ಬಟ್ಟೆ ಸಂದಿಯೊಳಗೆ ಹೋಗುವುದಿಲ್ಲ, ಅಲ್ವಾ?

ಇನ್ನು ಬಣ್ಣ. ಬೀದರಿನ ಬಿದರಿ ಕೆಲಸದಲ್ಲಿ ಕೋಟೆಯ ಮಣ್ಣು, ನವಸಾಗರ ಹಚ್ಚಿದಾಗ ಸತುವಿನ ಪಾತ್ರೆ ಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೆಳ್ಳಿ ಕಪ್ಪಾಗುವುದು ಬೇರೆ ಕಾರಣಕ್ಕೆ. ಗಾಳಿ, ಕಾಗದ, ಉಣ್ಣೆ, ರಬ್ಬರಿನಲ್ಲಿರುವ ಗಂಧಕ ವರ್ಷಗಟ್ಟಲೆ ಅದಕ್ಕೆ ಹತ್ತುತ್ತಾ ಹೋಗುತ್ತದೆ. ಹಾಗೆ ತಾನಾಗಿ ಬಂದ ಬಣ್ಣ ಹೆಚ್ಚಾಗಿ ಅಂಚಿನಿಂದ ಶುರುವಾಗಿ ಒಳಕ್ಕೆ ತಿಳಿಯಾಗುತ್ತದೆ: ಹೊಂಬಣ್ಣ, ಕಂದು, ನೀಲಿ. ವಾಲಿಸಿದರೆ ಬಣ್ಣದ ಅಡಿಯಲ್ಲಿ ಕಳೆ ಓಡುವುದು ಕಾಣುತ್ತದೆ. ಕೃತಕವಾಗಿ ಬರಿಸಿದ ಬಣ್ಣ ಹೋಳಿ ಆಡಿದಂತೆ ಇರುತ್ತದೆ, ನೇರಳೆ, ಗುಲಾಬಿ ಎಲ್ಲ ಒಟ್ಟಿಗೆ. ಅದನ್ನು ಬಿಟ್ಟುಬಿಡಿ. ಒಂದೇ ಸಮನಾದ ತೆಳು ಬೂದು ಬಣ್ಣವೇ ಸೆಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಹೊಂದಿಸುವುದು ಸುಲಭ, ಮೋಸವೂ ಕಡಿಮೆ.

ಸವೆತ ಬೇರೆ, ಅಚ್ಚು ಸರಿಯಾಗಿ ಬೀಳದಿರುವುದು ಬೇರೆ. ಮಿನಾರುಗಳ ಉಬ್ಬಿದ ಭಾಗ ನೋಡಿ. ಅಲ್ಲಿ ಗೆರೆ ಮಾಸಿ, ನುಣ್ಣಗೆ, ಕಳೆಯಿಲ್ಲದೆ ಬೂದಾಗಿದ್ದರೆ ಸವೆತ. ಗೆರೆ ಮೂಡಿಲ್ಲ, ಆದರೆ ಕಳೆ ಹಾಗೇ ಇದೆ ಎಂದರೆ ಅಚ್ಚು ಸರಿಯಾಗಿ ಬಿದ್ದಿಲ್ಲ. ಗ್ರೇಡು ಕೊಡುವವರು ಎರಡನೆಯದನ್ನು ಸ್ವಲ್ಪ ಕ್ಷಮಿಸುತ್ತಾರೆ. ನಾನು ಕ್ಷಮಿಸುವುದಿಲ್ಲ. ಮೂರು ನಾಣ್ಯದಲ್ಲಿ ಚಾರ್‌ಮಿನಾರ್ ಎದ್ದು ಕಂಡು, ನಾಲ್ಕನೆಯದರಲ್ಲಿ ಮಂಜು ಕವಿದಂತಿದ್ದರೆ ಅದು ಜೋಡಿ ಆಗುವುದಿಲ್ಲ.

ಕೊನೆಗೆ ಅಂಚು. ನಮ್ಮ ಲಂಬಾಣಿ ತಾಂಡಾಗಳಲ್ಲಿ ಹೆಣ್ಣುಮಕ್ಕಳ ಉಡುಪಿಗೆ, ಸರಗಳಿಗೆ ಹಳೆಯ ನಾಣ್ಯ ಕೂರಿಸುವುದು ತಲೆಮಾರಿನ ಪದ್ಧತಿ. ಅಲ್ಲಿ ಅವು ಚೆಂದ, ಅವುಗಳ ಜಾಗವೂ ಅದೇ. ಮಾರುಕಟ್ಟೆಗೆ ಬಂದವುಗಳ ಕೊಂಡಿ ಕಿತ್ತು, ಬೆಸುಗೆ ತೀಡಿ ಮಾರುತ್ತಾರೆ. ಅಂಚಿನ ಸುತ್ತ ಉಗುರು ಆಡಿಸಿ. ಒಂದು ಕಡೆ ಗೆರೆಗಳು ಇಲ್ಲದೆ ನುಣ್ಣಗಿದ್ದರೆ ಬೆಸುಗೆ ಇತ್ತೆಂದು ತಿಳಿಯಿರಿ. ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಪ್ಲಾಸ್ಟಿಕ್ ಕವರಿನೊಳಗೆ ನೋಡಿ, ಅಂಚು ಮುಟ್ಟದೆ ಎಂಟಾಣೆ ಕೊಂಡಿದ್ದೆ. ಮನೆಗೆ ಬಂದು ಬಿಚ್ಚಿದರೆ ನೆತ್ತಿಯ ಮೇಲೆ ಸೀಸದ ಗುರುತು. ಅಂಗಡಿಯಲ್ಲಿ ವಾಪಸ್ ತೆಗೆದುಕೊಳ್ಳಲಿಲ್ಲ.

ತೂಕ

ಅಸಲಿಯೋ ನಕಲಿಯೋ ತಿಳಿಯಲು ತೂಗಿಯೂ ನೋಡಿ. ನಿಜಾಮನ ರೂಪಾಯಿ ಸುಮಾರು 11.18 ಗ್ರಾಂ, ಎಂಟಾಣೆ 5.59, ನಾಲ್ಕಾಣೆ 2.79, ಎರಡಾಣೆ 1.40. ಕಲ್ದಾರ್ ರೂಪಾಯಿ 11.66 ಇರುತ್ತದೆ, ಗೊಂದಲ ಬೇಡ. ಜಾತ್ರೆ, ಉರುಸಿನಲ್ಲಿ ಚಾದರ ಹಾಸಿ ಮಾರುವವರ ಬಳಿ ರಾಮ, ಹನುಮಂತನ ಚಿತ್ರವಿರುವ "ಈಸ್ಟ್ ಇಂಡಿಯಾ ಕಂಪನಿ 1818" ನಾಣ್ಯ ಕಂಡರೆ ತಕ್ಕಡಿಯನ್ನೂ ತೆಗೆಯಬೇಡಿ. ಅಂಥ ನಾಣ್ಯವನ್ನು ಕಂಪನಿ ಟಂಕಿಸಿಯೇ ಇಲ್ಲ.

ಹಾಗಾದರೆ ಗ್ರೇಡು ಬೇಡವೇ?

ಬೇಕು. ಬೆಲೆ ಕೈ ಮೀರುವಂತಿದ್ದರೆ, ಅಥವಾ ಮುಂದೆ ಬಿಡಿಬಿಡಿಯಾಗಿ ಮಾರುವ ಯೋಚನೆ ಇದ್ದರೆ, ಎನ್‌ಜಿಸಿ ಅಥವಾ ಪಿಸಿಜಿಎಸ್ (ನಾಣ್ಯ ಪರೀಕ್ಷಿಸಿ ಗ್ರೇಡು ಕೊಟ್ಟು ಡಬ್ಬಿಯಲ್ಲಿ ಮುಚ್ಚಿ ಕೊಡುವ ಕಂಪನಿಗಳು) ಡಬ್ಬಿಯಲ್ಲಿರುವುದನ್ನೇ ಕೊಳ್ಳಿ. ಅಸಲಿ ಎಂಬ ನೆಮ್ಮದಿ ಇರುತ್ತದೆ. ತಿಕ್ಕಿದ ನಾಣ್ಯಕ್ಕೆ ಅವರು ಸಂಖ್ಯೆ ಕೊಡದೆ "ಡೀಟೇಲ್ಸ್" ಎಂದು ಬರೆಯುತ್ತಾರೆ. ನೋಡಲು ವಿಶೇಷವಾಗಿ ಚೆಂದವಿದ್ದರೆ ಎನ್‌ಜಿಸಿಯವರು ಸಂಖ್ಯೆಯ ಪಕ್ಕ ನಕ್ಷತ್ರ ಹಾಕುತ್ತಾರೆ. ಸಂಖ್ಯೆಯೊಂದೇ ಸಾಲದು ಎಂದು ಅವರೂ ಒಪ್ಪಿದಂತಾಯಿತು. ಆದರೆ ಡಬ್ಬಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆಯವು. ಅದರೊಳಗೆ ಎರಡಾಣೆ ದೊಡ್ಡ ಹೊಲದಲ್ಲಿ ಬಿದ್ದ ಒಂದು ಜೋಳದ ಕಾಳಿನಂತೆ ಕಾಣುತ್ತದೆ. ಮಾರುವ ಉದ್ದೇಶವಿಲ್ಲದಿದ್ದರೆ ಬಿಡಿ ನಾಣ್ಯಗಳ ಟ್ರೇ ಸಾಕು.

ನಾಲ್ಕೂ ಸೇರಿದ ಮೇಲೆ ಒಂದು ವಾರ ಟ್ರೇಯಲ್ಲಿಟ್ಟು, ದಿನಾ ಆಚೆಈಚೆ ಹೋಗುವಾಗ ಮಾರು ದೂರದಿಂದ ನೋಡಿ. ಪ್ರತಿ ಸಲ ಕಣ್ಣು ಒಂದೇ ನಾಣ್ಯದ ಮೇಲೆ ಹೋಗಿ ನಿಲ್ಲುತ್ತಿದ್ದರೆ ಅದನ್ನು ಬದಲಿಸಿ, ಅದರ ಗ್ರೇಡು ಎಷ್ಟೇ ಇರಲಿ.

ಇಡುವುದು

ಮೆತ್ತನೆಯ ಪಿವಿಸಿ ಕವರ್ ಬೇಡ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಅದು ಬೆವರಿ ನಾಣ್ಯಕ್ಕೆ ಹಸಿರು ಅಂಟು ಹತ್ತುತ್ತದೆ. ಹತ್ತಿದರೆ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಗಟ್ಟಿ ಪ್ಲಾಸ್ಟಿಕ್ಕಿನ ಕ್ಯಾಪ್ಸೂಲ್ ತನ್ನಿ. ರಬ್ಬರ್ ಬ್ಯಾಂಡ್ ಹತ್ತಿರ ಸುಳಿಯಬಾರದು. ಪತ್ರಿಕೆಯ ಹಾಳೆಯಲ್ಲಿ ಸುತ್ತಿಡುವುದೂ ಬೇಡ, ಈ ಪುರವಣಿಯಲ್ಲಿ ಕೂಡ.