ಕನ್ಸೋಲ್ ಚಂದಾ ಸೇವೆಯ ಲಾಭನಷ್ಟವನ್ನು ಲೆಕ್ಕ ಹಾಕುವ ಬಗೆ

ತಿಂಗಳ ಚಂದಾ ಕೊಟ್ಟವರಿಗೆ ತನ್ನ ಪಟ್ಟಿಯ ಆಟಗಳನ್ನು ಆಡಲು ಬಿಡುವ ಚಂದಾ ಸೇವೆ ಗೇಮ್ ಕನ್ಸೋಲ್ ಕಂಪನಿಗೆ ಲಾಭ ತರುತ್ತದೆಯೇ ಎಂದು ಅಳೆಯಲು ಹೊರಟವರು ಚಂದಾದಾರರ ಸಂಖ್ಯೆಗೆ ಮರುಳಾಗಬಾರದು. 2017ರಲ್ಲಿ ಆರಂಭವಾದ ಮೈಕ್ರೋಸಾಫ್ಟ್‌ನ ಗೇಮ್ ಪಾಸ್‌ಗೆ 2024ರ ಫೆಬ್ರುವರಿಯ ಹೊತ್ತಿಗೆ 3.4 ಕೋಟಿ ಚಂದಾದಾರರಿದ್ದರು; ಆದರೆ ಅದರಿಂದ ಸೇವೆಯ ವ್ಯಾಪ್ತಿ ತಿಳಿಯುತ್ತದೆಯೇ ಹೊರತು ಲಾಭವಲ್ಲ.

ಮೊದಲು ಒಬ್ಬನೇ ಆಟಗಾರನನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ. ತಿಂಗಳಿಗೆ 20 ಡಾಲರ್ ಚಂದಾ ಎಂದರೆ ವರ್ಷಕ್ಕೆ 240 ಡಾಲರ್. ಕಂಪನಿಯೇ ತಯಾರಿಸಿದ 70 ಡಾಲರಿನ ಆಟವನ್ನು ವರ್ಷಕ್ಕೊಂದು ಕೊಳ್ಳುತ್ತಿದ್ದವನು ಚಂದಾದಾರನಾದರೆ ವರಮಾನ ಹೆಚ್ಚುತ್ತದೆ. ನಾಲ್ಕು ಕೊಳ್ಳುತ್ತಿದ್ದವನು ಖರೀದಿ ನಿಲ್ಲಿಸಿ ಚಂದಾದಾರನಾದರೆ 40 ಡಾಲರ್ ಕೈತಪ್ಪುತ್ತದೆ. ಬೇರೆ ಪ್ರಕಾಶಕರ ಆಟ ಮಾರಾಟವಾದಾಗ ಕನ್ಸೋಲ್ ಕಂಪನಿಗೆ ಸಾಮಾನ್ಯವಾಗಿ ಶೇ. 30ರಷ್ಟು, ಅಂದರೆ 21 ಡಾಲರ್ ಸಿಗುತ್ತದೆ. ಅದೇ ಆಟವನ್ನು ಚಂದಾ ಪಟ್ಟಿಗೆ ಸೇರಿಸಲು ಕಂಪನಿಯೇ ಪ್ರಕಾಶಕರಿಗೆ ಹಣ ಕೊಡಬೇಕಾಗುತ್ತದೆ.

ಇನ್ನು ಒಂದೇ ತಿಂಗಳಿಗೆ ಸೇರಿ, ಹೊಸ ಆಟ ಮುಗಿಸಿ, ಚಂದಾ ರದ್ದುಮಾಡುವವರನ್ನು ಬೇರೆಯಾಗಿಯೇ ಎಣಿಸಬೇಕು. ಅವರಿಂದ ಬರುವುದು 20 ಡಾಲರ್ ಮಾತ್ರ.

ಬಿಡುಗಡೆಯ ದಿನವೇ ಆಟವನ್ನು ಚಂದಾದಲ್ಲಿ ಕೊಡಬೇಕೇ ಎಂಬುದೇ ನಿಜವಾದ ಕಠಿಣ ನಿರ್ಧಾರ. 2022ರಲ್ಲಿ ತನ್ನ ಚಂದಾ ಸೇವೆಯಾದ ಪ್ಲೇಸ್ಟೇಷನ್ ಪ್ಲಸ್ ಅನ್ನು ಮೂರು ಹಂತಗಳಾಗಿ ವಿಂಗಡಿಸಿದಾಗಲೂ ಸೋನಿ ತನ್ನ ದೊಡ್ಡ ಆಟಗಳನ್ನು ಹಾಗೆ ಕೊಡಲಿಲ್ಲ. ಪೂರ್ಣ ಬೆಲೆಯ ಮಾರಾಟ ತಗ್ಗಿದ ಮೇಲೆ ಆಟವನ್ನು ಪಟ್ಟಿಗೆ ಸೇರಿಸುವ ಈ ದಾರಿಯೇ ಹೆಚ್ಚು ಸುರಕ್ಷಿತವೆಂದು ನನ್ನ ದೃಢ ಅಭಿಪ್ರಾಯ. ಮೊದಲ ದಿನವೇ ಆಟ ಕೊಡುವ ಗೇಮ್ ಪಾಸ್ ಅಲ್ಟಿಮೇಟ್‌ನ ತಿಂಗಳ ದರವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ 19.99ರಿಂದ 29.99 ಡಾಲರಿಗೆ ಏರಿಸಿತು. ಆ ಏರಿಸಿದ ದರವನ್ನಿಟ್ಟು ಮೇಲಿನ ಲೆಕ್ಕವನ್ನು ಮತ್ತೊಮ್ಮೆ ಮಾಡಿ ನೋಡಿ.